ನೊರೆ ಹೆಚ್ಚಾದರೆ ಬಟ್ಟೆ ಶುದ್ಧವಾದೀತೇ?

"ಹುಡಿ ಮೂರು ಸಲ ಬದಲಾಯಿಸಿದೆವು ಡಾಕ್ಟ್ರೇ, ಮಗುವಿನ ತುರಿಕೆ ಮಾತ್ರ ಹೋಗಲಿಲ್ಲ." ಮಳೆಗಾಲ ಹಿಡಿದ ಮೇಲೆ ಈ ಮಾತು ಕೇಳದ ವೈದ್ಯರು ಗುರುವಾಯನಕೆರೆಯಲ್ಲಾಗಲಿ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳಲ್ಲಾಗಲಿ ಇರಲಾರರು. ಟಿವಿಯ ಜಾಹೀರಾತು, ಅಂಗಡಿಯವರ ಸಲಹೆ, ಪಕ್ಕದ ಮನೆಯವರ ಅನುಭವ ಎಲ್ಲ ಸೇರಿ ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಬಟ್ಟೆ ತಾಗಿದಲ್ಲಿ ಮೈ ತುರಿಸಿತೆಂದರೆ ತಪ್ಪು ಸೋಪಿನ ಹುಡಿಯದ್ದು, ಬೇರೆ ಕಂಪೆನಿಯ ಹುಡಿ ತಂದರೆ ಮುಗಿಯಿತು ಎಂಬ ನಂಬಿಕೆ ಅದು. ಇನ್ನು ಕೆಲವು ಮನೆಗಳಲ್ಲಿ ಇದರ ವಿರುದ್ಧ ದಿಕ್ಕು. ಹುಡಿಯ ಸಹವಾಸವೇ ಬೇಡವೆಂದು ಮಗುವಿನ ಬಟ್ಟೆಯನ್ನು ಬರೀ ತಣ್ಣೀರಿನಲ್ಲಿ ಅದ್ದಿ ತೆಗೆದು ಒಣಹಾಕುತ್ತಾರೆ.

ಈ ಎರಡು ದಾರಿಗಳೂ ಸರಿಯಲ್ಲವೆಂದು ನನ್ನ ಸ್ಪಷ್ಟ ಅಭಿಪ್ರಾಯ. ಯಾವ ಹುಡಿ ಎನ್ನುವುದಕ್ಕಿಂತ ಎಷ್ಟು ಹುಡಿ, ಎಷ್ಟು ಸಲ ಜಾಲಿಸಿದಿರಿ, ಬಟ್ಟೆ ಪೂರ್ತಿ ಒಣಗಿತೇ ಎಂಬ ಪ್ರಶ್ನೆಗಳು ದೊಡ್ಡವು. ತಣ್ಣೀರಲ್ಲಿ ಅದ್ದಿದ ಮಾತ್ರಕ್ಕೆ ಬೆವರು, ಮೈಯ ಜಿಡ್ಡು, ಉದುರಿದ ಚರ್ಮದ ಹೊಟ್ಟು ಹೋಗುವುದಿಲ್ಲ. ಇಸುಬು ಇರುವ ಚರ್ಮದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅಂಥ ಚರ್ಮದ ಮೇಲೆ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಕೀವುಕಾರಕ ಬ್ಯಾಕ್ಟೀರಿಯಾ ಬೇಗ ನೆಲೆಯೂರುತ್ತದೆ. ಹಾಗಾಗಿ ಸೂಕ್ಷ್ಮ ಚರ್ಮದವರಿಗೆ ಬೇಕಾದುದು ಉಳಿದವರದಕ್ಕಿಂತಲೂ ಶುದ್ಧವಾದ ಬಟ್ಟೆ. ಆದರೆ ಆ ಶುದ್ಧಿಗೆ ಹುಡಿಯೊಂದನ್ನೇ ನಂಬಿದರೆ ಆಗದು.

ಚರ್ಮಕ್ಕೆ ಆಗುವುದೇನು?

ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಗುಣದ್ದು. ಪಿ.ಎಚ್. ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 5. ಬಟ್ಟೆ ಒಗೆಯುವ ಹುಡಿಯಲ್ಲಿ ಕೊಳೆ ಬಿಡಿಸುವ ಮಾರ್ಜಕದ ಜೊತೆಗೆ ತೊಳೆಯುವ ಸೋಡಾ, ಸಿಲಿಕೇಟ್, ಬಿಳಿ ಹೊಳಪು ಕೊಡುವ ರಾಸಾಯನಿಕ, ಪರಿಮಳ, ಕೆಲವದರಲ್ಲಿ ಕಿಣ್ವಗಳೂ ಇರುತ್ತವೆ. ನೀರಿಗೆ ಹಾಕಿದಾಗ ಅದರ ಕ್ಷಾರ 10ರ ಆಸುಪಾಸಿಗೆ ಏರುತ್ತದೆ. ಅಂಗಿಯ ಕಾಲರಿನ ಎಣ್ಣೆಯನ್ನು ಕಿತ್ತು ತೆಗೆಯುವ ಮಾರ್ಜಕ, ಬಟ್ಟೆಯಲ್ಲಿ ಉಳಿದುಕೊಂಡರೆ ಚರ್ಮದ ಎಣ್ಣೆಯನ್ನೂ ಬಿಡುವುದಿಲ್ಲ. ಬೆವರಿದಾಗ ಆ ಶೇಷ ಮತ್ತೆ ಕರಗಿ, ಉಡಿದಾರ ಕಟ್ಟುವ ಸೊಂಟ, ಕುತ್ತಿಗೆ, ತೊಡೆಯ ಸಂದಿ, ಕಂಕುಳಿನ ಅಂಚು, ಹೀಗೆ ಬಟ್ಟೆ ಬಿಗಿಯಾಗಿ ಉಜ್ಜುವ ಕಡೆಗಳಲ್ಲಿ ಉರಿ ಎಬ್ಬಿಸುತ್ತದೆ.

ಇದು ನಿಜವಾದ ಅಲರ್ಜಿಯಲ್ಲ, ಕೆರಳಿಕೆ. ಇವೆರಡರ ನಡುವಿನ ವ್ಯತ್ಯಾಸ ತಿಳಿದಿರಬೇಕು. ಅಲರ್ಜಿಯಾದರೆ ಒಂದು ಚಿಟಿಕೆ ಪದಾರ್ಥವೂ ಸಾಕು, ಅದನ್ನು ಪೂರ್ತಿ ಬಿಡದೆ ಬೇರೆ ಉಪಾಯವಿಲ್ಲ. ಕೆರಳಿಕೆ ಮಾತ್ರ ಪ್ರಮಾಣಕ್ಕೆ ಸಂಬಂಧಿಸಿದ್ದು. ಶೇಷ ಕಡಿಮೆಯಾದರೆ ತೊಂದರೆಯೂ ಕಡಿಮೆ. ಉತ್ತರ ಅಮೆರಿಕದ ಚರ್ಮವೈದ್ಯರು 738 ರೋಗಿಗಳನ್ನು ಒಗೆಯುವ ಮಾರ್ಜಕಗಳಿಗಾಗಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಲರ್ಜಿಯ ಲಕ್ಷಣ ಕಂಡದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಯಲ್ಲಿ. ಆದ್ದರಿಂದ "ನನಗೆ ಹುಡಿ ಅಲರ್ಜಿ" ಎನ್ನುವವರಲ್ಲಿ ಹೆಚ್ಚಿನವರು ಹುಡಿಗೆ ಹೆದರಬೇಕಾಗಿಲ್ಲ, ಅದರ ಶೇಷಕ್ಕೆ ಹೆದರಿದರೆ ಸಾಕು.

ಬಟ್ಟೆಯಿಂದ ಬಂದ ತುರಿಕೆಗೆ ಕಾರಣ ಬೇರೆಲ್ಲೋ ಅಡಗಿರಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಹಳೆಯ ಉದಾಹರಣೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರ ಕುತ್ತಿಗೆಯ ಹಿಂಭಾಗದಲ್ಲಿ, ಸೊಂಟದಲ್ಲಿ ಗುಳ್ಳೆಗಳೇಳುತ್ತಿದ್ದವು. ಸಾಬೂನನ್ನು ಸಂಶಯಿಸುವುದು ಸಹಜವಷ್ಟೇ? ಆದರೆ ಅಪರಾಧಿ ಸಾಬೂನಲ್ಲ. ಯಾರ ಬಟ್ಟೆ ಯಾವುದೆಂದು ಗುರುತಿಸಲು ಅಗಸರು ಕಾಲರಿನ ಒಳಗೆ ಕರಿಗೇರು ಕಾಯಿಯ ರಸದಿಂದ ಗುರುತು ಹಾಕುತ್ತಿದ್ದರು. ಗುಳ್ಳೆ ಏಳುತ್ತಿದ್ದುದು ಆ ಗುರುತು ತಾಗಿದಲ್ಲಿ. 1943ರಲ್ಲಿ ಸೇನಾ ವೈದ್ಯರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಕರಿಗೇರು ನಮ್ಮ ಗೇರುಬೀಜದ ಸಂಬಂಧಿ. ಚೇರೆ ಮರದ ಸೊನೆ ತಗಲಿದರೆ ಮೈ ಬಾತುಕೊಳ್ಳುತ್ತದೆಂದು ತೋಟದಲ್ಲಿ ದುಡಿಯುವವರಿಗೆ ಹೇಳಿಕೊಡಬೇಕಾಗಿಲ್ಲ. ಅದೂ ಇದೇ ಕುಟುಂಬದ್ದು.

ತುರಿಕೆಯೆಲ್ಲ ಸೋಪಿನದ್ದಲ್ಲ

ಹುಡಿಯನ್ನು ದೂರುವ ಮೊದಲು ತುರಿಕೆಯ ಜಾಗವನ್ನು ನೋಡಿ. ತೊಡೆಸಂದಿಯಲ್ಲಿ, ಸೊಂಟದಲ್ಲಿ ಉಂಗುರದಂತೆ ಹರಡುತ್ತ, ಅಂಚು ಉಬ್ಬಿ ಒಳಗೆ ತಿಳಿಯಾಗಿದ್ದರೆ ಅದು ಹುಳುಕಡ್ಡಿ ಅಥವಾ ಗಜಕರ್ಣ, ಅಂದರೆ ಶಿಲೀಂಧ್ರದ ಸೋಂಕು. ರಾತ್ರಿ ಹೊತ್ತು ತುರಿಕೆ ಹೆಚ್ಚಾಗಿ, ಬೆರಳ ಸಂದುಗಳಲ್ಲಿ ಸಣ್ಣ ಬೊಕ್ಕೆಗಳಿದ್ದು, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಬಂದಿದ್ದರೆ ಅದು ಕಜ್ಜಿ. ಇವೆರಡಕ್ಕೂ ದುಬಾರಿಯ 'ಮೃದು' ಹುಡಿ ತಂದು ಪ್ರಯೋಜನವಿಲ್ಲ.

ಇಲ್ಲಿಯೇ ನಿಜವಾದ ಅಪಾಯವಿರುವುದು. ಹುಡಿಯ ಅಲರ್ಜಿಯೆಂದು ತಾವೇ ತೀರ್ಮಾನಿಸಿ, ಔಷಧದಂಗಡಿಯಿಂದ ಮೂರು ನಾಲ್ಕು ಮದ್ದು ಬೆರೆಸಿದ ಟ್ಯೂಬು ತಂದು ಹಚ್ಚುವವರು ಬಹಳ. ಅದರಲ್ಲಿರುವ ಸ್ಟೀರಾಯ್ಡಿನಿಂದ ತುರಿಕೆ ಎರಡು ದಿನ ಅಡಗುತ್ತದೆ. ಅಡಿಯಲ್ಲಿ ಹುಳುಕಡ್ಡಿ ಹರಡುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ, ರೋಗದ ಗುರುತೇ ಸಿಗದ ಹಾಗೆ ರೂಪ ಬದಲಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸಿದರಾಯಿತೇ? ಕೇಳಿದವರಿಗೆ ಸಿಗುತ್ತಿರುವ ತನಕ ಕೇಳದೆ ಇರುವುದು ನಮ್ಮ ಜವಾಬ್ದಾರಿ. ಹತ್ತು ದಿನ ಚೆನ್ನಾಗಿ ಜಾಲಿಸಿದ ಬಟ್ಟೆ ತೊಟ್ಟರೂ ತುರಿಕೆ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ, ಟ್ಯೂಬಿಗೆ ಕೈ ಹಾಕಬೇಡಿ.

ನಮ್ಮ ನೀರಿಗೆ ಎಷ್ಟು ಹುಡಿ?

ಒಗೆಯುವ ಹುಡಿ ನಮ್ಮ ಮನೆಗಳಿಗೆ ಬಂದು ಹೆಚ್ಚು ಕಾಲವಾಗಿಲ್ಲ. ನಮ್ಮ ದೇಶದಲ್ಲಿ ಸರ್ಫ್ ಮಾರಾಟಕ್ಕೆ ಬಂದದ್ದು 1959ರಲ್ಲಿ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ನಿರ್ಮಾ ಮಾರತೊಡಗಿದ್ದು 1969ರಲ್ಲಿ. ಅದಕ್ಕೆ ಮೊದಲು ಬಾರ್ ಸಾಬೂನು, ಅದಕ್ಕೂ ಮೊದಲು ಬೂದಿ ನೀರು, ಅಂಟುವಾಳ, ಮಡಿವಾಳರ ಮನೆಯ ಉಬ್ಬೆ. ಹೊಸ ಸಾಮಗ್ರಿ ಬಂತು, ಆದರೆ ಅಳತೆ ಬರಲಿಲ್ಲ. ಕೈಗೆ ಬಂದಷ್ಟು ಸುರಿಯುತ್ತೇವೆ. ನೊರೆ ಬಕೆಟ್ಟಿನಿಂದ ಉಕ್ಕಿದರೆ ಮಾತ್ರ ಸಮಾಧಾನ.

ಗಡಸು ನೀರಿನ ಬಯಲುಸೀಮೆಯಲ್ಲಿ ಹುಡಿ ಸ್ವಲ್ಪ ಹೆಚ್ಚು ಬೇಕಾದೀತು. ಅಲ್ಲಿ ನೀರಿನ ಸುಣ್ಣದಂಶವೇ ಮಾರ್ಜಕದ ಒಂದು ಪಾಲನ್ನು ನುಂಗಿಬಿಡುತ್ತದೆ. ಆದರೆ ಮುರಕಲ್ಲಿನ ನೆಲದ ನಮ್ಮ ತೆರೆದ ಬಾವಿಗಳ ನೀರು ಮೆದು. ಮಳೆಗಾಲದಲ್ಲಂತೂ ಮಳೆನೀರಿನಷ್ಟೇ ಮೆದು. ಮೆದು ನೀರಿನಲ್ಲಿ ನೊರೆ ಬೇಗ ಬರುತ್ತದೆ, ಹೋಗುವುದು ನಿಧಾನ. ಎಲ್ಲ ಕಡೆಯ ನೀರಿಗೂ ಸೇರಿಸಿ ಪೊಟ್ಟಣದ ಮೇಲೆ ಅಚ್ಚು ಹಾಕಿದ ಅಳತೆಯ ಅರ್ಧದಿಂದ ಶುರುಮಾಡಿ ನೋಡಿ. ಕೊಳೆ ಹೋಗದಿದ್ದರೆ ಮಾತ್ರ ಹೆಚ್ಚಿಸಿ. ಮಾಮೂಲಿ ಉಟ್ಟುಬಿಟ್ಟ ಬಟ್ಟೆಯ ಒಂದು ಬಕೆಟ್ಟಿಗೆ ಒಂದು ದೊಡ್ಡ ಚಮಚ ಹುಡಿ ಧಾರಾಳವಾಯಿತು. ಹುಡಿಯನ್ನು ಬಟ್ಟೆಯ ಮೇಲೆ ಉದುರಿಸಬೇಡಿ, ಮೊದಲು ನೀರಿನಲ್ಲಿ ಕಲಸಿ, ಕರಗಿದ ಮೇಲೆ ಬಟ್ಟೆ ಹಾಕಿ. ಕರಗದ ಕಣ ಹೊಲಿಗೆಯ ಮಡಿಕೆಯಲ್ಲಿ ಕೂತರೆ ಹತ್ತು ಸಲ ಜಾಲಿಸಿದರೂ ಹೊರಬರುವುದು ಕಷ್ಟ.

ಕೊಳವೆಬಾವಿಯ ನೀರು ಬೇರೆ ಕಥೆ. ಕೆಲವದರಲ್ಲಿ ಕಬ್ಬಿಣದ ಅಂಶ ಹೆಚ್ಚು, ಬಿಳಿ ಬಟ್ಟೆ ಹಳದಿಯಾಗುತ್ತದೆ. ಅದು ಕೊಳೆಯೆಂದು ತಿಳಿದು ಹುಡಿ ಹೆಚ್ಚು ಮಾಡಿದರೆ ಹಳದಿ ಹೋಗದು, ತುರಿಕೆ ಬಂದೀತು. ಬ್ಲೀಚ್ ಹಾಕಿದರಂತೂ ಕಬ್ಬಿಣದ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಸೂಕ್ಷ್ಮ ಚರ್ಮದವರ ಬಟ್ಟೆಗೆ ಬಾವಿ ನೀರನ್ನೋ, ಹಂಚಿನ ಮಾಡಿನಿಂದ ಹಿಡಿದ ಮಳೆನೀರನ್ನೋ ಬಳಸಿದರೆ ಒಳ್ಳೆಯದು.

ಜಾಲಿಸುವ ಲೆಕ್ಕ

ಮೂರು ನೀರಿನಲ್ಲಿ ಜಾಲಿಸಬೇಕೆಂದು ಎಲ್ಲರಿಗೂ ಗೊತ್ತು. ನಡುವೆ ಹಿಂಡಬೇಕೆಂಬುದನ್ನು ಮಾತ್ರ ಮರೆಯುತ್ತೇವೆ. ಒಂದು ಸಣ್ಣ ಲೆಕ್ಕ ಮಾಡೋಣ. ಬಟ್ಟೆಯನ್ನು ಚೆನ್ನಾಗಿ ಹಿಂಡಿದಾಗ ಅದರಲ್ಲಿ 2 ಲೀಟರ್ ಹುಡಿಯ ನೀರು ಉಳಿಯಿತೆನ್ನಿ. 10 ಲೀಟರ್ ಹೊಸ ನೀರಿಗೆ ಹಾಕಿದಾಗ ಒಟ್ಟು 12 ಲೀಟರ್. ಮತ್ತೆ ಹಿಂಡಿದಾಗ ಹುಡಿಯ ಆರನೆಯ ಒಂದು ಪಾಲು ಮಾತ್ರ ಬಟ್ಟೆಯಲ್ಲಿ ಉಳಿಯುತ್ತದೆ. ಹೀಗೆ ಮೂರು ಸಲವಾದರೆ ಉಳಿಯುವುದು 216ರಲ್ಲಿ ಒಂದು ಪಾಲು. ಹಿಂಡದೆ, ನೀರು ತೊಟ್ಟಿಕ್ಕುವ ಬಟ್ಟೆಯನ್ನೇ ಬಕೆಟ್ಟಿನಿಂದ ಬಕೆಟ್ಟಿಗೆ ಎತ್ತಿ ಹಾಕಿದಿರೆನ್ನಿ. ಅದರಲ್ಲಿ 6 ಲೀಟರ್ ಉಳಿದರೆ, ಅದೇ ಮೂರು ಬಕೆಟ್ ನೀರು ಖರ್ಚಾದ ಮೇಲೂ 19ರಲ್ಲಿ ಒಂದು ಪಾಲು ಹುಡಿ ಬಟ್ಟೆಯಲ್ಲೇ ಇರುತ್ತದೆ. ನೀರು ಅಷ್ಟೇ, ಶ್ರಮ ತುಸು ಹೆಚ್ಚು, ಶೇಷ ಹನ್ನೊಂದು ಪಾಲು ಕಡಿಮೆ. ನೂಲಿಗೆ ಅಂಟಿಕೊಂಡ ಅಂಶ ಇದಕ್ಕೆ ಹೊರತು, ಅದಕ್ಕೆ ಕೊನೆಯ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೆಗೆಯಬೇಕು.

ಸಾಕಾಯಿತೇ ಎಂದು ತಿಳಿಯುವುದು ಸುಲಭ. ಬಟ್ಟೆಯಿಂದ ಹಿಂಡಿದ ಕೊನೆಯ ನೀರನ್ನು ಒಂದು ಬಾಟಲಿಗೆ ಅರ್ಧ ತುಂಬಿಸಿ ಮುಚ್ಚಿ ಜೋರಾಗಿ ಕುಲುಕಿ. ನೊರೆ ಎದ್ದು ಹಾಗೆಯೇ ನಿಂತರೆ ಇನ್ನೊಂದು ನೀರು ಬೇಕು. ಗುಳ್ಳೆಗಳೆಲ್ಲ ಕ್ಷಣದಲ್ಲಿ ಒಡೆದುಹೋದರೆ ಸಾಕು. ವಾಷಿಂಗ್ ಮೆಷಿನ್ ಇರುವವರು 'ಎಕ್ಸ್‌ಟ್ರಾ ರಿನ್ಸ್' ಗುಂಡಿ ಒತ್ತಲಿ, ಡ್ರಮ್ಮನ್ನು ಮುಕ್ಕಾಲಿಗಿಂತ ಹೆಚ್ಚು ತುಂಬದಿರಲಿ. ನೀರು ಉಳಿಸುವ ಹೊಸ ಯಂತ್ರಗಳು ಜಾಲಿಸುವುದರಲ್ಲಿಯೇ ನೀರು ಉಳಿಸುವುದು! ಹರಿವ ನೀರಿನಲ್ಲಿ ಚೆನ್ನಾಗಿ ಜಾಲಿಸಬಹುದೆಂದು ತೋಡಿಗೋ ಕೆರೆಗೋ ಬುಟ್ಟಿ ಒಯ್ಯಬೇಡಿ. ಊರಿಗೆ ಹೆಸರು ಕೊಟ್ಟ ಕೆರೆಗೆ ನಮ್ಮ ಹುಡಿಯ ನೀರು ಸೇರುವುದು ಬೇಡ. ಅಳತೆ ಕಡಿಮೆ ಮಾಡಿದರೆ ಕೊನೆಯ ಎರಡು ನೀರನ್ನು ತೆಂಗಿನ, ಬಾಳೆಯ ಬುಡಕ್ಕೆ ಬಿಡಬಹುದು.

ಕ್ರಿಮಿಗೆ ಬಿಸಿ ಮದ್ದು

ಹುಡಿ ಕಡಿಮೆ ಮಾಡಿದರೆ ಕ್ರಿಮಿ ಸಾಯುವುದು ಹೇಗೆಂದು ಕೇಳುವಿರಿ. ಹುಡಿ ಕ್ರಿಮಿಯನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಬಿಡಿಸಿ ಹೊರಗೆ ಕಳಿಸುತ್ತದೆ. ಕೊಲ್ಲುವ ಕೆಲಸಕ್ಕೆ ಬಿಸಿ ಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹುಳುಕಡ್ಡಿಯ ಶಿಲೀಂಧ್ರ, ಧೂಳಿನ ನುಸಿ, ಕಜ್ಜಿಯ ನುಸಿ, ಸಾಮಾನ್ಯ ರೋಗಾಣುಗಳು ಸಾಯುತ್ತವೆ. ಬೆಚ್ಚಗಿನ 30-40 ಡಿಗ್ರಿಯ ನೀರು ಇವುಗಳಿಗೆ ಸ್ನಾನ ಮಾಡಿಸಿದ ಹಾಗೆ.

ಥರ್ಮಾಮೀಟರ್ ಬೇಡ. ಬಕೆಟ್ಟಿಗೆ ಮೊದಲು ಬಾವಿಯ ತಣ್ಣೀರು, ಆಮೇಲೆ ಅಷ್ಟೇ ಪ್ರಮಾಣದ ಕುದಿಯುವ ನೀರು ಹಾಕಿದರೆ ಹೆಚ್ಚುಕಡಿಮೆ 60 ಡಿಗ್ರಿ ಬರುತ್ತದೆ. ಬಚ್ಚಲಿನ ಹಂಡೆಗೆ ಇನ್ನೊಂದು ಕೊರಳು ಕಟ್ಟಿಗೆ ಕೊಟ್ಟರೆ ನೀರು ಕುದಿಯಲು ತಡವಿಲ್ಲ. ಒಳಚಡ್ಡಿ, ಬನಿಯನ್, ಬೈರಾಸು, ತಲೆದಿಂಬಿನ ಚೀಲ, ಮಗುವಿನ ಹೊದಿಕೆ, ಇಂಥ ಹತ್ತಿ ಬಟ್ಟೆಗಳನ್ನು ಇದರಲ್ಲಿ ಮುಳುಗಿಸಿ ಮುಚ್ಚಿ ಅರ್ಧ ಗಂಟೆ ಬಿಡಿ. ಕೈ ಹಾಕಬೇಡಿ, ಕೋಲಿನಿಂದ ತಿರುವಿ. ಮಕ್ಕಳು ಆಡುವ ಜಾಗದಲ್ಲಿ ಇಂಥ ಬಕೆಟ್ ಇಡುವುದೇ ಬೇಡ. ನಮ್ಮ ಹಿಂದಿನವರ ಉಬ್ಬೆಯಲ್ಲಿದ್ದ ವಿಜ್ಞಾನವೂ ಇದೇ. ಎಲ್ಲ ಬಟ್ಟೆಗೂ ದಿನಾ ಈ ಉಪಚಾರ ಬೇಕೆಂದಲ್ಲ. ಸೋಂಕು ಇದ್ದಾಗ ಪ್ರತಿಸಲ, ಇಲ್ಲದಾಗ ವಾರಕ್ಕೊಮ್ಮೆ ಸಾಕು. ಹುಳುಕಡ್ಡಿ ಇರುವವರ ಬಟ್ಟೆಯನ್ನು ಬೇರೆಯವರದರ ಜೊತೆ ನೆನೆಹಾಕಬಾರದು. ಕಜ್ಜಿಯ ಮನೆಯಲ್ಲಿ ಬಿಸಿನೀರು ತಡೆಯದ ಉಣ್ಣೆ, ರೇಷ್ಮೆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಂದು ವಾರ ಇಟ್ಟರಾಯಿತು. ಮನುಷ್ಯನ ಮೈಯಿಂದ ದೂರವಾದ ಕಜ್ಜಿಯ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು.

ಬಕೆಟ್ಟಿಗೆ ಎರಡು ಮುಚ್ಚಳ ಕ್ರಿಮಿನಾಶಕ ದ್ರವ ಸುರಿಯುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ. ಆರೋಗ್ಯವಂತರ ಮನೆಯ ಬಟ್ಟೆಗೆ ಇದು ಅನಾವಶ್ಯಕ, ಸೂಕ್ಷ್ಮ ಚರ್ಮದವರಿಗೆ ಇನ್ನೊಂದು ಉಪದ್ರ. ಬೆಂಜಾಲ್ಕೋನಿಯಂ ಇರುವ ದ್ರವ ಒಗೆಯುವ ಹುಡಿಯೊಂದಿಗೆ ಸೇರಿದರೆ ಎರಡೂ ಒಂದನ್ನೊಂದು ಕಟ್ಟಿಹಾಕಿ ಶಕ್ತಿ ಕಳೆದುಕೊಳ್ಳುತ್ತವೆ. ದುಡ್ಡು ಕೊಟ್ಟದ್ದು ವಾಸನೆಗೆ ಮಾತ್ರ. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರವವಂತೂ ಬಟ್ಟೆಯಲ್ಲೇ ಉಳಿಯಲೆಂದು ಮಾಡಿದ್ದು. ತುರಿಕೆಯ ಮಗುವಿರುವ ಮನೆಯಿಂದ ಮೊದಲು ಹೊರಗೆ ಹೋಗಬೇಕಾದದ್ದು ಅದೇ.

ಮಳೆಗಾಲದ ಮುಗ್ಗುಲು

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ "ಬಿಸಿಲಿಗೆ ಒಣಗಿಸಿ" ಎಂದು ಬರೆಯುವುದು ಓದುಗರಿಗೆ ಮಾಡುವ ಗೇಲಿಯಾದೀತು. ಚಾವಡಿಯ ಹಗ್ಗದಲ್ಲಿ ಮೂರು ದಿನ ನೇತಾಡಿದ ಬಟ್ಟೆಯ ಮುಗ್ಗುಲು ವಾಸನೆ ಎಲ್ಲರಿಗೂ ಪರಿಚಿತ. ಜಪಾನಿನ ಸಂಶೋಧಕರು 2012ರಲ್ಲಿ ಈ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದರು. ಒಗೆದ ಮೇಲೂ ನೂಲಿನಲ್ಲಿ ಉಳಿಯುವ ಅದು ತೇವ ಸಿಕ್ಕಿದಷ್ಟು ಹೊತ್ತು ಬೆಳೆಯುತ್ತಲೇ ಇರುತ್ತದೆ. ವಾಸನೆ ಬಂತೆಂದು ಮತ್ತೆ ಹುಡಿ ಹಾಕಿ ಒಗೆಯುವುದು, ಮತ್ತೆ ಒಣಗದಿರುವುದು, ಈ ಚಕ್ರದಲ್ಲಿಯೇ ಶೇಷ ಬಟ್ಟೆಯಲ್ಲಿ ಜಮೆಯಾಗುವುದು.

ಆದ್ದರಿಂದ ಮಳೆಗಾಲದಲ್ಲಿ ವಾರದ ಬಟ್ಟೆ ಒಟ್ಟು ಮಾಡಬೇಡಿ. ದಿನವೂ ಸ್ವಲ್ಪ ಸ್ವಲ್ಪ ಒಗೆಯಿರಿ. ಹಿಂಡಿದ ಮೇಲೆ ಒಣ ಬೈರಾಸಿನಲ್ಲಿ ಸುತ್ತಿ ಒತ್ತಿದರೆ ಅರ್ಧ ನೀರು ಅಲ್ಲಿಗೇ ಹೋಯಿತು. ಒಂದರ ಮೇಲೊಂದು ಹೇರದೆ, ಒಳಮೈ ಹೊರಗೆ ಮಾಡಿ, ಫ್ಯಾನಿನ ಗಾಳಿಗೆ ಹಾಕಿ. ಕೊನೆಗೆ ಹೊಲಿಗೆ, ಸೊಂಟಪಟ್ಟಿ, ಜೇಬುಗಳ ಮೇಲೆ ಇಸ್ತ್ರಿ ಓಡಿಸಿ. ಉಳಿದ ತೇವವೂ ಹೋಗುತ್ತದೆ, ಬಿಸಿಯೂ ತಾಗುತ್ತದೆ. ಬಚ್ಚಲೊಲೆಯ ಮೇಲೆ ಅಟ್ಟದಲ್ಲಿ ಒಣಗಿಸುವ ಪದ್ಧತಿ ಬುದ್ಧಿವಂತಿಕೆಯದ್ದೇ, ಆದರೆ ಹೊಗೆ ಹಿಡಿದ ಬಟ್ಟೆ ಇಸುಬಿನ ಮಗುವಿಗೆ ಒಗ್ಗದು. ಹೊಗೆ ತಾಗದ ಬದಿಯಲ್ಲಿ ಹಗ್ಗ ಕಟ್ಟಿ. ಅಡಿಕೆ ಒಣಗಿಸಲು ಅಂಗಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಮಾಡು ಕಟ್ಟಿಸಿದವರು ಅದರ ಒಂದು ಮೂಲೆಯನ್ನು ಬಟ್ಟೆಗೆ ಬಿಟ್ಟುಕೊಡಲಿ. ಅಡಿಕೆಗೆ ಸಲ್ಲುವ ಮರ್ಯಾದೆ ಮಗುವಿನ ಚಡ್ಡಿಗೂ ಸಲ್ಲಬಾರದೇಕೆ? ಅರೆಒದ್ದೆ ಒಳಬಟ್ಟೆ ತೊಟ್ಟು ಶಾಲೆಗೆ ಹೋಗುವ ಮಕ್ಕಳಲ್ಲಿ ಹುಳುಕಡ್ಡಿ ಬರುವುದು ಆಶ್ಚರ್ಯದ ಸಂಗತಿಯಲ್ಲ. ಎರಡು ಜೊತೆ ಹೆಚ್ಚಿನ ಒಳಬಟ್ಟೆ ತೆಗೆದಿಟ್ಟರೆ ಮದ್ದಿನ ಖರ್ಚಿಗಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಇದೇ ಕಾಲದಲ್ಲಿ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ. ಮೈಲುತುತ್ತ, ಸುಣ್ಣ ಸೇರಿದ ಆ ದ್ರಾವಣ ಹಿಡಿದ ಅಂಗಿ-ಪಂಚೆ, ಬೀಡಿ ಕಟ್ಟುವವರ ಮಡಿಲಲ್ಲಿ ಹೊಗೆಸೊಪ್ಪಿನ ಧೂಳು ಹಿಡಿದ ಸೀರೆ-ನೈಟಿ, ಇವನ್ನು ಮಗುವಿನ ಬಟ್ಟೆಯೊಂದಿಗೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿ ಆಮೇಲೆ ಹುಡಿಯನ್ನು ಬೈದರೆ ಏನು ಬಂತು? ಕೆಲಸದ ಬಟ್ಟೆಗೆ ಬೇರೆ ಬಕೆಟ್, ಮೊದಲು ಕೊಡವಿ, ಬರೀ ನೀರಿನಲ್ಲಿ ಒಮ್ಮೆ ತೊಳೆದು, ಅನಂತರ ಹುಡಿ. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನೂ ಒಗೆಯದೆ ತೊಡಿಸಬಾರದು. ಸುಕ್ಕಾಗದಿರಲೆಂದು ಹಾಕಿದ ಫಾರ್ಮಾಲ್ಡಿಹೈಡ್, ಬಿಡುವ ಬಣ್ಣ ಎರಡೂ ಅದರಲ್ಲಿರಬಹುದು.

ಅಂಟುವಾಳ ನಿರಪಾಯವೇ?

ಅಂಟುವಾಳದ ಬಗ್ಗೆ ಓದುಗರು ಕೇಳದೆ ಬಿಡಲಾರರು. ಅದರ ಸಿಪ್ಪೆಯಲ್ಲಿರುವ ಸಾಪೋನಿನ್ ಒಳ್ಳೆಯ ಮಾರ್ಜಕವೇ ಸರಿ, ಹುಡಿಯಷ್ಟು ಕ್ಷಾರವೂ ಅಲ್ಲ. ರೇಷ್ಮೆಗೆ, ಉಣ್ಣೆಗೆ, ಹಗುರ ಕೊಳೆಯ ಮಕ್ಕಳ ಬಟ್ಟೆಗೆ ಸಂತೋಷದಿಂದ ಬಳಸಿ. ಆದರೆ ಸಸ್ಯದಿಂದ ಬಂದದ್ದೆಲ್ಲ ನಿರಪಾಯವೆಂಬ ಮಾತನ್ನು ನಾನು ಒಪ್ಪಲಾರೆ. ಕರಿಗೇರಿನ ರಸವೂ ಸಸ್ಯದ್ದೇ ಅಲ್ಲವೇ? ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಕುದಿಸಿದ ರಸ ಒಂದೆರಡು ದಿನದಲ್ಲಿ ಹಳಸಿ ಕ್ರಿಮಿಗಳ ಮನೆಯಾಗುತ್ತದೆ. ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಬೇಕು, ಜಾಲಿಸುವುದನ್ನು ಬಿಡಬಾರದು.

'ಸೂಕ್ಷ್ಮ ಚರ್ಮಕ್ಕೆ' ಎಂದು ಬರೆದ ದುಬಾರಿ ದ್ರವಗಳೂ ಅಷ್ಟೇ. ದ್ರವ ಕೆಡದಿರಲೆಂದು ಹಾಕುವ ಮೀಥೈಲ್ ಐಸೋಥಯಜೋಲಿನೋನ್ ಎಂಬ ಸಂರಕ್ಷಕದಿಂದ ಅಲರ್ಜಿಯಾದವರು ಎಷ್ಟು ಹೆಚ್ಚಾದರೆಂದರೆ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನು 2013ರ 'ವರ್ಷದ ಅಲರ್ಜಿಕಾರಕ' ಎಂದು ಸಾರಿತು. ಯುರೋಪಿನಲ್ಲಿ 2004ರ ಮಾರ್ಜಕ ನಿಯಮದ ಪ್ರಕಾರ ಅಲರ್ಜಿ ತರುವ ಪರಿಮಳ ದ್ರವ್ಯಗಳು ನೂರಕ್ಕೆ 0.01 ಪಾಲಿಗಿಂತ ಹೆಚ್ಚಿದ್ದರೆ ಪೊಟ್ಟಣದ ಮೇಲೆ ಹೆಸರು ಹಾಕಲೇಬೇಕು. ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣ ಒಳಗಿರುವುದನ್ನೆಲ್ಲ ಹೇಳುತ್ತದೆ, ದಿನವಿಡೀ ಮೈಗೆ ತಾಗಿಕೊಂಡಿರುವ ಬಟ್ಟೆಗೆ ಹಾಕುವ ಹುಡಿಯ ಪೊಟ್ಟಣದಲ್ಲಿ ನಿಂಬೆಹಣ್ಣಿನ ಚಿತ್ರವೇ ದೊಡ್ಡದು. ಪೂರ್ತಿ ಪಟ್ಟಿ ಅಚ್ಚು ಹಾಕಬೇಕೆಂಬ ಕಾನೂನು ಇಲ್ಲಿಯೂ ಬರಬೇಕು. ಗ್ರಾಹಕ ಸಂಘಟನೆಗಳು ಇದನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯ ತನಕ, ಪರಿಮಳವಿಲ್ಲದ, ಬಣ್ಣದ ಕಾಳುಗಳಿಲ್ಲದ, ಸಾದಾ ಹುಡಿಯನ್ನೋ ಬಾರ್ ಸಾಬೂನನ್ನೋ ಆರಿಸುವುದು ಕ್ಷೇಮ. ಗಡಸು ನೀರಿನವರಿಗೆ ಬಾರ್ ಸಾಬೂನು ಹೇಳಿದ್ದಲ್ಲ, ಸುಣ್ಣದೊಂದಿಗೆ ಸೇರಿ ಬಟ್ಟೆಯಲ್ಲಿ ಬಿಳಿ ಕಿಟ್ಟ ಕಟ್ಟುತ್ತದೆ.

ಒಗೆಯುವ ಕೈಗಳು

ಇಷ್ಟೆಲ್ಲ ಮಾಡುವುದು ಯಾರು? ನಮ್ಮ ಹೆಚ್ಚಿನ ಮನೆಗಳಲ್ಲಿ ತಾಯಿ, ಅತ್ತೆ ಅಥವಾ ಮನೆಗೆಲಸಕ್ಕೆ ಬರುವ ಅಕ್ಕ. ಮಗುವಿನ ತುರಿಕೆಯನ್ನು ತೋರಿಸಲು ಬಂದ ತಾಯಂದಿರ ಕೈಬೆರಳುಗಳನ್ನು ತಿರುಗಿಸಿ ನೋಡಿದರೆ, ಉಗುರಿನ ಬುಡ ಬಾತು, ಅಂಗೈ ಸೀಳಿ, ಬೆರಳ ಗೆರೆಗಳೇ ಮಾಸಿರುತ್ತವೆ. "ಇದು ಮೊದಲಿನಿಂದಲೂ ಇದೆ" ಎಂದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಬಟ್ಟೆಯ ಶೇಷದಿಂದ ಮಗುವಿಗೆ ತಾಗುವ ಮಾರ್ಜಕದ ನೂರಾರು ಪಾಲು ಇವರ ಕೈಗೆ ದಿನವೂ ತಾಗುತ್ತದೆ. ಹುಡಿಯ ಅಳತೆ ಅರ್ಧವಾದರೆ ಮೊದಲ ಲಾಭ ಇವರಿಗೆ. ಒಳಗೆ ತೆಳು ಹತ್ತಿ ಗವಸು, ಹೊರಗೆ ರಬ್ಬರ್ ಗವಸು ತೊಟ್ಟು ಒಗೆಯುವುದು ಒಳ್ಳೆಯದು. ಬರೀ ರಬ್ಬರ್ ಗವಸಿನಲ್ಲಿ ಬೆವರಿದರೆ ಅದೇ ಇನ್ನೊಂದು ತೊಂದರೆ. ಉಂಗುರ ತೆಗೆದಿಡಿ, ಅದರಡಿಯಲ್ಲಿ ಹುಡಿ ನಿಲ್ಲುತ್ತದೆ. ಒಗೆದಾದ ಮೇಲೆ ಕೈ ತೊಳೆದು ಒರಸಿ ತೆಂಗಿನೆಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿಕೊಳ್ಳಿ. ಕೈ ಒಡೆದ ವಾರದಲ್ಲಿ ಮನೆಯ ಗಂಡಸರು ಒಗೆಯುವ ಕಲ್ಲಿನ ಹತ್ತಿರ ಹೋದರೆ ಯಾವ ಶಾಸ್ತ್ರಕ್ಕೂ ವಿರೋಧವಿಲ್ಲ. ಹಿಂಡುವ ಕೆಲಸಕ್ಕಂತೂ ಬಲವಾದ ಕೈಗಳೇ ಬೇಕು.

ಇಷ್ಟು ಮಾಡಿಯೂ ತುರಿಕೆ ಮರುಕಳಿಸುತ್ತಿದ್ದರೆ ಆಗ ಅಲರ್ಜಿಯ ಸಂಶಯ ಪಡಬಹುದು. ಮಂಗಳೂರು, ಮಣಿಪಾಲಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಪರೀಕ್ಷೆಯ ಬಗ್ಗೆ ವಿಚಾರಿಸಿ. ಸಂಶಯದ ಪದಾರ್ಥಗಳನ್ನು ಸಣ್ಣ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಯ ಬಳಿಕ ತೆಗೆದು ನೋಡುತ್ತಾರೆ, 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರುವ ಕೆಲಸ ಮಾಡಬಾರದು. ಹಾಗಾಗಿ ಅಡಿಕೆ ಕೊಯ್ಲಿನ ದಿನಗಳನ್ನು ಬಿಟ್ಟು ದಿನ ಗೊತ್ತು ಮಾಡಿಕೊಳ್ಳಿ. ಹೋಗುವಾಗ ಮನೆಯಲ್ಲಿ ಬಳಸುವ ಹುಡಿ, ದ್ರವ, ಮೈಸಾಬೂನುಗಳ ಪೊಟ್ಟಣಗಳನ್ನೂ, ಇದುವರೆಗೆ ಹಚ್ಚಿದ ಟ್ಯೂಬುಗಳನ್ನೂ ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಹುಡಿಯನ್ನು ಹಾಗೆಯೇ ಮೈಗೆ ಅಂಟಿಸಿ ಮನೆಯಲ್ಲೇ ಪರೀಕ್ಷೆ ಮಾಡಲು ಹೋಗಬೇಡಿ, ಆರೋಗ್ಯವಾದ ಚರ್ಮವೂ ಸುಟ್ಟಂತಾಗುತ್ತದೆ.